ಲುಸರ್ನ್ ಕೊಸರಲ್ಲ: ಜ್ಯೂರಿಕ್‌ನಿಂದ ಒಂದು ದಿನಕ್ಕೆ ಯಾವ ಬೆಟ್ಟ?

ಏಪ್ರಿಲ್ ಬಂತೆಂದರೆ ಸ್ವಿಟ್ಜರ್ಲೆಂಡಿನಲ್ಲಿರುವ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಬರುತ್ತದೆ. ಮೈಸೂರಿನ ಚಿಕ್ಕಮ್ಮ, ಹೆಂಡತಿಯ ಸೋದರಮಾವ, ಹಳೇ ಆಫೀಸಿನ ಗೆಳೆಯ, ಆ ಗೆಳೆಯನ ಬೀಗರು, ಎಲ್ಲರದ್ದೂ ಅದೇ. "ಜ್ಯೂರಿಕ್‌ನಲ್ಲಿ ಎರಡು ದಿನ ಇರ್ತೀವಪ್ಪ. ಒಂದು ದಿನ ಐಸ್ ಬೆಟ್ಟಕ್ಕೆ ಹೋಗ್ಬೇಕು ಅಂತಿದೀವಿ. ಟಿಟ್ಲಿಸ್ ಒಳ್ಳೇದಾ, ಪಿಲಾಟಸ್ ಒಳ್ಳೇದಾ?"

ಇಲ್ಲಿಯ ಟೂರ್ ಕಂಪನಿಗಳ ಪಟ್ಟಿ ನೋಡಿದರೆ "ಟಿಟ್ಲಿಸ್ ಮತ್ತು ಲುಸರ್ನ್", "ಪಿಲಾಟಸ್ ಮತ್ತು ಲುಸರ್ನ್", "ರಿಗಿ ಮತ್ತು ಲುಸರ್ನ್" ಎಂದು ಸಾಲಾಗಿ ಇರುತ್ತವೆ. ಫೋಟೊ ಬೆಟ್ಟದ್ದು, ದುಡ್ಡು ಬೆಟ್ಟಕ್ಕೆ. ಸರೋವರದ ದಂಡೆಯ ಊರು ಲುಸರ್ನ್ ಮಾತ್ರ ತರಕಾರಿಯವಳು ಕೊನೆಗೆ ಚೀಲಕ್ಕೆ ಹಾಕುವ ಕೊಸರಿನ ಹಾಗೆ, ಎರಡು ಎಸಳು ಕರಿಬೇವು. ನೆಂಟರ ಜೊತೆ ಈ ಮೂರೂ ಬೆಟ್ಟಗಳನ್ನು ಸಾಕಷ್ಟು ಸಲ ಹತ್ತಿಳಿದ ಮೇಲೆ ನನ್ನ ಲೆಕ್ಕ ತಿರುಗಿದೆ. ಊರಿಗೆ ಎಷ್ಟು ಗಂಟೆ ಬೇಕು ಅನ್ನುವುದನ್ನು ಮೊದಲು ತೆಗೆದಿಟ್ಟು, ಉಳಿದ ಹೊತ್ತಿಗೆ ಹೊಂದುವ ಬೆಟ್ಟ ಆರಿಸಿ ಅನ್ನುತ್ತೇನೆ. ಬಹಳ ಜನ ಒಪ್ಪುವುದಿಲ್ಲ.

ಅರ್ಧ ಸೇತುವೆಯ ಕಥೆ

ಅಪ್ಪ-ಅಮ್ಮ ಮೊದಲ ಸಲ ಬಂದಾಗ ನನಗೂ ಇದು ಗೊತ್ತಿರಲಿಲ್ಲ. ಗೈಡ್ ಇರುವ ಬಸ್ ಟೂರ್ ಬುಕ್ ಮಾಡಿದೆ. ಬೆಳಗ್ಗೆ ಒಂಬತ್ತೂವರೆಗೆ ಜ್ಯೂರಿಕ್ ಬಿಟ್ಟು ಲುಸರ್ನ್ ತಲುಪುವಾಗ ಹತ್ತೂವರೆ. ಸಿಂಹದ ಶಿಲ್ಪದ ಹತ್ತಿರ ಹತ್ತು ನಿಮಿಷ, ಆಮೇಲೆ ಸರೋವರದ ದಂಡೆಯ ಶ್ವಾನೆನ್‌ಪ್ಲಾಟ್ಸ್ ಚೌಕದಲ್ಲಿ ಇಳಿಸಿ, "ನಲವತ್ತು ನಿಮಿಷ ಬಿಟ್ಟು ಇಲ್ಲೇ ಸಿಗಿ" ಅಂದರು. ಆ ಚೌಕದ ಸುತ್ತ ಇರುವುದೆಲ್ಲ ಗಡಿಯಾರದ ಅಂಗಡಿಗಳೇ. ಅಮ್ಮ ಶೌಚಾಲಯದ ಬಾಗಿಲಲ್ಲಿ ಚಿಲ್ಲರೆ ಹುಡುಕುತ್ತಾ ಕ್ಯೂ ನಿಂತರು. ಅಪ್ಪ ಪಿಡಬ್ಲ್ಯುಡಿಯಲ್ಲಿ ಸೇತುವೆ ಕಟ್ಟಿಸಿ ರಿಟೈರ್ ಆದವರು. ಮರದ ಸೇತುವೆ ನೋಡಬೇಕೆಂದು ಊರಿನಿಂದಲೇ ಹೇಳಿಕೊಂಡು ಬಂದಿದ್ದರು. ಇಬ್ಬರನ್ನೂ ಕರೆದುಕೊಂಡು ಸೇತುವೆಯ ನಡುಮಧ್ಯ ತಲುಪುವಷ್ಟರಲ್ಲಿ ವಾಚು ತಿರುಗಿ ಹೊರಡಿ ಅಂದಿತು. ಅಪ್ಪ ತಲೆ ಎತ್ತಿ ತೊಲೆಗಳ ಜೋಡಣೆ ನೋಡುತ್ತಲೇ ಹಿಂದೆ ಹಿಂದೆ ನಡೆದು ಬಂದರು. ಟಿಟ್ಲಿಸ್ ಮೇಲೆ ನಾಲ್ಕು ಗಂಟೆ ಇದ್ದೆವು. ಇವತ್ತಿಗೂ ಯಾರಾದರೂ ಸ್ವಿಟ್ಜರ್ಲೆಂಡ್ ಬಗ್ಗೆ ಕೇಳಿದರೆ ಅಪ್ಪ ಹೇಳುವುದು, "ಆ ಸೇತುವೇನ ಅರ್ಧಾನೇ ನೋಡಿದ್ದು."

ಆ ಊರಿನಲ್ಲಿ ಅಂಥದ್ದೇನಿದೆ? ಅಪ್ಪ ಅರ್ಧ ನೋಡಿದ ಕಪೆಲ್‌ಬ್ರ್ಯುಕೆ 14ನೇ ಶತಮಾನದ್ದು, ಚಾವಣಿ ಇರುವ ಮರದ ಸೇತುವೆ. ರೋಯ್ಸ್ ನದಿಯನ್ನು ನೇರವಾಗಿ ದಾಟದೆ ಓರೆಯಾಗಿ, ನಡುವೆ ಬಾಗಿ ದಾಟುತ್ತದೆ. ಅದು ಊರಿನ ಕೋಟೆಯ ಭಾಗವಾಗಿತ್ತು, ಸರೋವರದ ಕಡೆಯಿಂದ ಬರುವವರನ್ನು ತಡೆಯಲು. ಪಕ್ಕದ ಎಂಟು ಮೂಲೆಯ ನೀರಿನ ಗೋಪುರ ಸೇತುವೆಗಿಂತಲೂ ಹಳೆಯದು. ಚಾವಣಿಯ ಕೆಳಗೆ, ತೊಲೆಗಳ ನಡುವಿನ ಮುಕ್ಕೋನಗಳಲ್ಲಿ 17ನೇ ಶತಮಾನದ ಚಿತ್ರಫಲಕಗಳು. 1993ರ ಆಗಸ್ಟ್ 18ರಂದು ರಾತ್ರಿ ಬೆಂಕಿ ಬಿದ್ದು ಸೇತುವೆಯ ಬಹುಭಾಗ ಸುಟ್ಟುಹೋಯಿತು, ಚಿತ್ರಗಳಲ್ಲೂ ಹೆಚ್ಚಿನವು ಹೋದವು. ಮರುವರ್ಷ ಏಪ್ರಿಲ್‌ನಲ್ಲೇ ಮತ್ತೆ ಕಟ್ಟಿ ತೆರೆದರು. ನಿಧಾನವಾಗಿ ನಡೆದರೆ ಹೊಸ ಮರ ಎಲ್ಲಿ ಶುರುವಾಗುತ್ತದೆ, ಹಳೆಯದು ಎಲ್ಲಿ ಉಳಿದಿದೆ ಎಂದು ಕಾಣುತ್ತದೆ. ಕೆಲವು ಮುಕ್ಕೋನಗಳು ಖಾಲಿ, ಕೆಲವು ಇದ್ದಿಲಿನಂತೆ ಕಪ್ಪು. ನಲವತ್ತು ನಿಮಿಷದ ಟೂರಿನಲ್ಲಿ ತಲೆ ಎತ್ತುವುದಕ್ಕೆ ಪುರುಸೊತ್ತು ಇರುವುದಿಲ್ಲ.

ಅಲ್ಲಿಂದ ನದಿಯ ಜೊತೆ ಐದು ನಿಮಿಷ ಕೆಳಕ್ಕೆ ನಡೆದರೆ ಇನ್ನೊಂದು ಮರದ ಸೇತುವೆ, ಶ್ಪ್ರೋಯರ್‌ಬ್ರ್ಯುಕೆ. ಹೆಸರಿನ ಅರ್ಥ ಹೊಟ್ಟಿನ ಸೇತುವೆ. ಕಾಳಿನ ಹೊಟ್ಟನ್ನು ನದಿಗೆ ಸುರಿಯಲು ಊರಿನವರಿಗೆ ಇದೊಂದೇ ಸೇತುವೆಯ ಮೇಲೆ ಅನುಮತಿ ಇತ್ತು, ಏಕೆಂದರೆ ಇದು ಹರಿವಿನ ತೀರಾ ಕೆಳಗಡೆ ಇದೆ. ಇದರ ಚಿತ್ರಗಳು 1626ರಿಂದ 1635ರ ನಡುವಿನವು, ಕಾಸ್ಪರ್ ಮೆಗ್ಲಿಂಗರ್ ಕೈಯವು. ರಾಜನನ್ನೂ ವ್ಯಾಪಾರಿಯನ್ನೂ ಮದುಮಗಳನ್ನೂ ಸಾವು ಅಸ್ಥಿಪಂಜರದ ರೂಪದಲ್ಲಿ ಬಂದು ಕೈಹಿಡಿದು ಕರೆದೊಯ್ಯುತ್ತದೆ. ನನಗೆ ಹೆಸರಾದ ಸೇತುವೆಗಿಂತ ಇದೇ ಇಷ್ಟ. ಗುಂಪೂ ಕಡಿಮೆ.

ಸಿಂಹದ ಶಿಲ್ಪವನ್ನು ಎಲ್ಲ ಟೂರುಗಳೂ ತೋರಿಸುತ್ತವೆ. 1792ರಲ್ಲಿ ಪ್ಯಾರಿಸ್ಸಿನ ಅರಮನೆ ಕಾಯುತ್ತಾ ಸತ್ತ ಸ್ವಿಸ್ ಸಿಪಾಯಿಗಳ ನೆನಪಿಗೆ, ಡೆನ್ಮಾರ್ಕಿನ ತೋರ್ವಾಲ್ಡ್‌ಸೆನ್ ಮಾಡಿದ ಮಾದರಿಯಂತೆ 1821ರ ಹೊತ್ತಿಗೆ ಬಂಡೆಯಲ್ಲೇ ಕೊರೆದದ್ದು. ಯಾವ ಟೂರೂ ತೋರಿಸದೇ ಇರುವುದು ಮುಸೆಗ್ ಕೋಟೆಗೋಡೆ. ಒಂಬತ್ತು ಗೋಪುರ, ಅದರಲ್ಲೊಂದು ಗಡಿಯಾರದ್ದು. 1535ರ ಆ ಗಡಿಯಾರಕ್ಕೆ ಊರಿನ ಉಳಿದೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲೇ ಗಂಟೆ ಹೊಡೆಯುವ ಹಕ್ಕಿದೆ. ಹತ್ತಲು ದುಡ್ಡಿಲ್ಲ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಳಗಿನ ಮರದ ಮೆಟ್ಟಿಲು ಕಡಿದಾದದ್ದು, ಮಂಡಿನೋವಿನವರಿಗೆ ಬೇಡ.

ಇಷ್ಟಕ್ಕೆ ಒಂದು ಕಾಫಿ ಸೇರಿಸಿ ಮೂರು ಗಂಟೆ. ಅದನ್ನು ಬದಿಗಿಟ್ಟು ಈಗ ಬೆಟ್ಟಗಳಿಗೆ ಬರೋಣ.

ಎತ್ತರ ನೋಡಿ ಮೋಸಹೋಗಬೇಡಿ

ರಿಗಿ 1,798 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ! ಪಿಲಾಟಸ್ 2,128, ಅಂದರೆ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರ್ ಹೆಚ್ಚು ಅಷ್ಟೆ. ಟಿಟ್ಲಿಸ್ ಮಾತ್ರ ಬೇರೆ ಜಾತಿ. ಶಿಖರ 3,238, ಕೇಬಲ್ ಕಾರು ಬಿಡುವ ಜಾಗ 3,020 ಮೀಟರ್. ನಮ್ಮ ಕಡೆಯವರು ಬರುವ ಮೇ-ಜೂನ್ ತಿಂಗಳಲ್ಲಿ, ಕೈಯಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಎಸೆಯುವಷ್ಟು ಹಿಮ ಖಂಡಿತ ಸಿಗುವುದು ಟಿಟ್ಲಿಸ್‌ನಲ್ಲಿ. ಬೇಸಿಗೆಯಲ್ಲಿ ರಿಗಿ, ಪಿಲಾಟಸ್ ಎರಡೂ ಹಸಿರು ಹುಲ್ಲು, ಬೂದುಬಣ್ಣದ ಬಂಡೆ, ಕುತ್ತಿಗೆಗೆ ಗಂಟೆ ಕಟ್ಟಿದ ಹಸು. ಹಿಮದ ಗೆರೆ ದೂರದ ಬೆಟ್ಟಸಾಲಿನಲ್ಲಿ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಇದನ್ನು ಮೊದಲೇ ಹೇಳದೆ ಮಾವನವರನ್ನು ಜುಲೈನಲ್ಲಿ ಪಿಲಾಟಸ್‌ಗೆ ಕರೆದೊಯ್ದು, ಮೇಲೆ ನಿಂತು "ಸ್ನೋ ಎಲ್ಲಪ್ಪಾ?" ಅಂತ ಕೇಳಿಸಿಕೊಂಡಿದ್ದೇನೆ.

ಹಾಗಾಗಿ ಹಿಮವನ್ನೇ ನೋಡಿರದ ಮಕ್ಕಳು, ಅಜ್ಜ-ಅಜ್ಜಿ ಜೊತೆಗಿದ್ದು ಅದಕ್ಕೇ ಬಂದಿದ್ದರೆ ಚರ್ಚೆ ಬೇಡ, ಟಿಟ್ಲಿಸ್. ಅದರ ಬುಡದ ಎಂಗೆಲ್‌ಬೆರ್ಗ್ ಸುಮಾರು ಸಾವಿರ ಮೀಟರ್ ಎತ್ತರದ ಊರು, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಅಲ್ಲಿಂದ ಗೊಂಡೊಲಾ ಎಂಬ ಪುಟ್ಟ ಕೇಬಲ್ ಕಾರು, ಆಮೇಲೆ ರೋಟೇರ್. ಈ ರೋಟೇರ್ 1992ರಲ್ಲಿ ಶುರುವಾದ, ತಾನೇ ತಿರುಗುವ ಜಗತ್ತಿನ ಮೊದಲ ಕೇಬಲ್ ಕಾರು. ನೀವು ನಿಂತಲ್ಲೇ ನಿಂತಿದ್ದರೂ ಕಾರು ತಿರುಗಿ ಸುತ್ತಲಿನದನ್ನೆಲ್ಲ ತೋರಿಸುತ್ತದೆ. ಕಿಟಕಿ ಪಕ್ಕ ನುಗ್ಗುವ ಅಗತ್ಯವಿಲ್ಲ, ಆದರೂ ನಾವು ನುಗ್ಗುತ್ತೇವೆ. ಮೇಲೆ ನೀರ್ಗಲ್ಲಿನೊಳಗೆ ಕೊರೆದ ಗುಹೆ, 2012ರಲ್ಲಿ ತೆರೆದ ತೂಗುಸೇತುವೆ. ಸುಮಾರು ನೂರು ಮೀಟರ್ ಉದ್ದ, ಒಂದೇ ಮೀಟರ್ ಅಗಲ, ಕೆಳಗೆ ಪ್ರಪಾತ. ಗಾಳಿ ಜೋರಾದರೆ ಅದನ್ನು ಮುಚ್ಚುತ್ತಾರೆ. ಶಾರುಖ್ ಖಾನ್-ಕಾಜೋಲ್ ಕಟೌಟ್ ಇರುವುದೂ ಇಲ್ಲೇ. ಅದರ ಮುಂದಿನ ಕ್ಯೂ ಕೆಲವೊಮ್ಮೆ ಗುಹೆಯ ಕ್ಯೂಗಿಂತ ಉದ್ದ.

ಬೇಸಿಗೆಯಲ್ಲಿ ಹೋದರೆ ಇನ್ನೊಂದು ನೋಟ ಕಾಣುತ್ತದೆ. ಹಿಮನದಿಯ ಮೇಲೆ ಅಲ್ಲಲ್ಲಿ ದೊಡ್ಡ ಬಿಳಿ ಹೊದಿಕೆ ಹಾಸಿರುತ್ತಾರೆ, ಬಿಸಿಲಿಗೆ ಕರಗದಿರಲಿ ಎಂದು. ಅಂಚು ಮಾಸಿ, ಮಣ್ಣು ಹಿಡಿದು, ಮದುವೆ ಮುಗಿದ ಮರುದಿನದ ಶಾಮಿಯಾನದಂತೆ ಬಿದ್ದಿರುತ್ತದೆ. ಆ ಹೊದಿಕೆ ಯಾವ ಟೂರಿನ ಫೋಟೊದಲ್ಲೂ ಇರುವುದಿಲ್ಲ.

ಟಿಟ್ಲಿಸ್‌ನ ತೊಂದರೆ ಎರಡು. ಒಂದು, ಒಂದು ಗಂಟೆಯೊಳಗೆ ಎರಡು ಸಾವಿರ ಮೀಟರ್ ಏರುತ್ತೀರಿ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಶೇಕಡ 70ರಷ್ಟು. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ಉಳಿದವರೂ ಮೇಲೆ ಓಡಾಡದೆ ಹತ್ತು ನಿಮಿಷ ಕೂತು ನೀರು ಕುಡಿಯಬೇಕು. ಎರಡನೆಯದು, ಎಂಗೆಲ್‌ಬೆರ್ಗ್‌ಗೆ ಹೋಗಿಬರುವ ದಾರಿಯೇ ಲುಸರ್ನ್‌ನ ಹೊತ್ತನ್ನು ತಿನ್ನುತ್ತದೆ. ಬಸ್ ಟೂರಿನಲ್ಲಿ ಲುಸರ್ನ್ ಒಂದು ಗಂಟೆಗೆ ಮುಗಿಯುವುದು ಅದಕ್ಕೇ.

ಪಿಲಾಟಸ್: ಹಲ್ಲು ಕಚ್ಚಿ ಏರುವ ರೈಲು

ಒಂದೇ ದಿನದಲ್ಲಿ ಬೆಟ್ಟವೂ ಬೇಕು, ಊರೂ ಬೇಕು ಅನ್ನುವವರಿಗೆ ನಾನು ಹೇಳುವುದು ಪಿಲಾಟಸ್. ಇದು ಲುಸರ್ನ್‌ನ ತಲೆಯ ಮೇಲೇ ಇದೆ. ಸ್ಟೇಷನ್ ಹತ್ತಿರದಿಂದ ಸಿಟಿ ಬಸ್ ಹತ್ತಿ ಕ್ರೀನ್ಸ್‌ನಲ್ಲಿ ಇಳಿದರೆ ಗೊಂಡೊಲಾ ನಡೆದುಹೋಗುವ ದೂರ. ಬೆಟ್ಟದ ಇನ್ನೊಂದು ಪಕ್ಕದ ಆಲ್ಪ್ನಾಖ್‌ಸ್ಟಾಡ್‌ನಿಂದ ಏರುವುದು ಜಗತ್ತಿನ ಅತಿ ಕಡಿದಾದ ಹಲ್ಲುಚಕ್ರದ ರೈಲು. 1889ರದ್ದು, ಗರಿಷ್ಠ ಏರು ಶೇಕಡ 48.

ಈ ಸಂಖ್ಯೆ ಅಪ್ಪನಿಗೆ ಎರಡನೇ ಸಲ ಬಂದಾಗ ಹೇಳಿದೆ. ತಕ್ಷಣ ಕೇಳಿದರು, "ನಮ್ಮ ಊಟಿ ರೈಲು ಎಷ್ಟು?" ಕಲ್ಲಾರ್‌ನಿಂದ ಕೂನೂರಿಗೆ ಏರುವಾಗ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆಯಲ್ಲ, ಅಲ್ಲಿ ಏರು ಹನ್ನೆರಡಕ್ಕೆ ಒಂದು, ಶೇಕಡ ಎಂಟರ ಚಿಲ್ಲರೆ. ಆ ಪಟ್ಟಿಯ ವಿನ್ಯಾಸವೂ ಸ್ವಿಸ್‌ನದ್ದೇ, ರೋಮನ್ ಆಪ್ಟ್ ಎಂಬ ಎಂಜಿನಿಯರನದು. ಹಳೆಯ ಉಗಿ ಎಂಜಿನ್‌ಗಳು ಬಂದದ್ದೂ ಇಲ್ಲಿಯ ವಿಂಟರ್‌ಟೂರ್ ಕಾರ್ಖಾನೆಯಿಂದ. ಆಪ್ಟ್ ಪಟ್ಟಿಯಲ್ಲಿ ಹಲ್ಲು ಮೇಲ್ಮುಖ, ಚಕ್ರ ಮೇಲಿನಿಂದ ಕೂರುತ್ತದೆ. ಶೇಕಡ 48ರ ಏರಿನಲ್ಲಿ ಹಾಗೆ ಕೂತ ಚಕ್ರ ಹಲ್ಲುಬಿಟ್ಟು ಮೇಲೆದ್ದು ಜಾರುವ ಅಪಾಯ ಇತ್ತು. ಈ ರೈಲು ಕಟ್ಟಿದ ಎಂಜಿನಿಯರ್ ಎಡ್ವಾರ್ಡ್ ಲೋಖರ್ ಹಲ್ಲುಗಳನ್ನು ಪಟ್ಟಿಯ ಎಡಬಲಕ್ಕೆ ತಿರುಗಿಸಿದ. ಎರಡು ಚಕ್ರ ಮಲಗಿಕೊಂಡು ಎರಡೂ ಕಡೆಯಿಂದ ಪಟ್ಟಿಯನ್ನು ಅಪ್ಪಿ ಹಿಡಿಯುತ್ತವೆ. ಎರಡೂ ಕೈಯಲ್ಲಿ ಕಬ್ಬಿನ ಜಲ್ಲೆ ಬಿಗಿಹಿಡಿದ ಹಾಗೆ, ಮೇಲೇಳುವ ಪ್ರಶ್ನೆಯೇ ಇಲ್ಲ. ಆಲ್ಪ್ನಾಖ್‌ಸ್ಟಾಡ್‌ನಲ್ಲಿ ಅಪ್ಪ ಬಗ್ಗಿ ಹಳಿಯ ನಡುವೆ ನೋಡುತ್ತಾ ನಿಂತುಬಿಟ್ಟರು. ಹಲ್ಲಿನ ಮೇಲೆ ಕಪ್ಪು ಗ್ರೀಸ್, ತಿಕ್ಕಾಟದಲ್ಲಿ ಬೆಳ್ಳಿಯಂತೆ ಹೊಳೆಯುವ ಅಂಚು. ಬೋಗಿಯ ಒಳಗೆ ಸೀಟುಗಳು ಸಿನಿಮಾ ಥಿಯೇಟರಿನ ಬಾಲ್ಕನಿಯಂತೆ ಮೆಟ್ಟಿಲು ಮೆಟ್ಟಿಲು.

ಟೂರಿನವರು ಸಾಮಾನ್ಯವಾಗಿ ಮಾರುವುದು ಲುಸರ್ನ್‌ನಿಂದ ದೋಣಿಯಲ್ಲಿ ಆಲ್ಪ್ನಾಖ್‌ಸ್ಟಾಡ್, ರೈಲಿನಲ್ಲಿ ಮೇಲೆ, ಕೇಬಲ್ ಕಾರಿನಲ್ಲಿ ಕ್ರೀನ್ಸ್‌ಗೆ ಕೆಳಗೆ. ನಾನು ಉಲ್ಟಾ ಮಾಡಿಸುತ್ತೇನೆ. ಬೆಳಗ್ಗೆ ಕ್ರೀನ್ಸ್‌ನಿಂದ ಮೇಲೆ ಹೋಗಿ, ಮೋಡ ಕಟ್ಟುವ ಮುಂಚೆ ಎರಡು ಗಂಟೆ ಇದ್ದು, ಹಲ್ಲುಚಕ್ರದ ರೈಲಿನಲ್ಲಿ ಇಳಿಯುವುದು. ಅಲ್ಲಿಂದ ದೋಣಿ ಹಿಡಿದರೆ ಲುಸರ್ನ್‌ಗೆ ಒಂದೂವರೆ ಗಂಟೆ, ರೈಲಾದರೆ ಇಪ್ಪತ್ತು ನಿಮಿಷ. ಹೊತ್ತು ನೋಡಿ ಅಲ್ಲೇ ತೀರ್ಮಾನಿಸಬಹುದು. ಊರಿಗೆ ಮೂರು ಗಂಟೆ ಆರಾಮವಾಗಿ ಉಳಿಯುತ್ತದೆ.

ಒಂದು ಎಚ್ಚರಿಕೆ. ಹಲ್ಲುಚಕ್ರದ ರೈಲು ಚಳಿಗಾಲದಲ್ಲಿ ಓಡುವುದಿಲ್ಲ, ಸಾಮಾನ್ಯವಾಗಿ ಮೇ ತಿಂಗಳಿಂದ ನವೆಂಬರ್‌ವರೆಗೆ ಮಾತ್ರ. ಏಪ್ರಿಲ್ ರಜೆಗೆ ಬಂದವರಿಗೆ ಟೂರ್ ಸಿಕ್ಕರೂ ಏರುವಾಗಲೂ ಇಳಿಯುವಾಗಲೂ ಕೇಬಲ್ ಕಾರೇ. ಬೆಟ್ಟದ ಅರ್ಧ ಸೊಗಸು ಹೋದ ಹಾಗೆ.

ಈ ಬೆಟ್ಟಕ್ಕೆ ಕಥೆಗಳೂ ಜಾಸ್ತಿ. ಏಸುವಿಗೆ ಶಿಕ್ಷೆ ಕೊಟ್ಟ ಪೊಂಟಿಯಸ್ ಪಿಲಾಟನ ಪ್ರೇತ ಇಲ್ಲಿಯ ಕೆರೆಯಲ್ಲಿದೆ, ಕೆಣಕಿದರೆ ಬಿರುಗಾಳಿ ಎಬ್ಬಿಸುತ್ತದೆ ಎಂದು ನಂಬಿ ಲುಸರ್ನ್‌ನವರು ಬೆಟ್ಟ ಹತ್ತುವುದನ್ನೇ ನಿಷೇಧಿಸಿದ್ದರು. 1387ರಲ್ಲಿ ಹತ್ತಲು ಹೋದ ಆರು ಪಾದ್ರಿಗಳನ್ನು ಜೈಲಿಗೆ ಹಾಕಿದರು. 1585ರಲ್ಲಿ ಇನ್ನೊಬ್ಬ ಪಾದ್ರಿ ಜನರನ್ನು ಕರೆದುಕೊಂಡು ಹೋಗಿ ಕೆರೆಗೆ ಕಲ್ಲು ಹೊಡೆದು, ಏನೂ ಆಗಲಿಲ್ಲವೆಂದು ತೋರಿಸಿದ. ಒಳ್ಳೆಯ ಗೈಡ್ ಸಿಕ್ಕರೆ ಇದನ್ನೆಲ್ಲ ರಸವತ್ತಾಗಿ ಹೇಳುತ್ತಾರೆ. ಗೈಡ್‌ಗೆ ಕೊಡುವ ದುಡ್ಡು ಸಾರ್ಥಕವಾಗುವುದು ಇಂಥ ಕಡೆ.

ಚಿಕ್ಕಮ್ಮನ ರಿಗಿ

ಮಂಡಿನೋವಿನ ಚಿಕ್ಕಮ್ಮನಿಗೆ ನಾನು ಹೇಳಿದ್ದು ರಿಗಿ. ಲುಸರ್ನ್‌ನಿಂದ ಫಿಟ್ಸ್‌ನಾವ್‌ಗೆ ಒಂದು ಗಂಟೆ ದೋಣಿ. ಅದೃಷ್ಟವಿದ್ದರೆ ಹಳೆಯ ಚಕ್ರದ ಉಗಿದೋಣಿ ಸಿಗುತ್ತದೆ. ಈ ಸರೋವರದಲ್ಲಿ ಅಂಥವು ಐದಿವೆ, ಅತಿ ಹಳೆಯದು 1901ರ 'ಊರಿ'. ನಡುವೆ ಕಟಾಂಜನದ ಬಳಿ ನಿಂತರೆ ಕೆಳಗೆ ಎಂಜಿನ್ನಿನ ಉಕ್ಕಿನ ತೋಳುಗಳು ಎಣ್ಣೆ ಮಿಂಚಿಸುತ್ತಾ ಹೋಗಿಬರುವುದು ಕಾಣುತ್ತದೆ. ದೋಣಿ ಇಳಿದರೆ ಎದುರಿಗೇ ಬೆಟ್ಟದ ರೈಲು. 1871ರ ಈ ಹಳಿ ಯುರೋಪಿನ ಮೊದಲ ಹಲ್ಲುಚಕ್ರದ ಬೆಟ್ಟದ ರೈಲಿನದು. ಕಟ್ಟಿದ ರಿಗ್ಗೆನ್‌ಬಾಖ್‌ನ ಕೈಕೆಳಗೆ ಪಳಗಿದವನೇ ಊಟಿ ಪಟ್ಟಿಯ ಆಪ್ಟ್. ಮೇಲಿನ ನಿಲ್ದಾಣದಿಂದ ತುದಿಗೆ ಹತ್ತು ನಿಮಿಷದ ಇಳಿಜಾರು ದಾರಿ, ಮೆಟ್ಟಿಲಿಲ್ಲ. ಮೇಲೆ ಮಾಡುವುದೇನು? ಕೂರುವುದು. ಬುತ್ತಿ ಬಿಚ್ಚುವುದು. ಚಪಾತಿ-ಚಟ್ನಿಪುಡಿಗೆ ಇದಕ್ಕಿಂತ ಒಳ್ಳೆಯ ಬೆಂಚು ನನಗೆ ಗೊತ್ತಿಲ್ಲ.

ರಿಗಿಯ ಗುಟ್ಟು ಇಳಿಯುವಾಗ ಇದೆ. ಬಂದ ದಾರಿಯಲ್ಲಿ ಹಿಂದಿರುಗದೆ ಇನ್ನೊಂದು ಪಕ್ಕದ ರೈಲಿನಲ್ಲಿ ಆರ್ತ್-ಗೋಲ್ಡಾವ್‌ಗೆ ಇಳಿದರೆ ಅಲ್ಲಿಂದ ಜ್ಯೂರಿಕ್‌ಗೆ ನೇರ ರೈಲು. ದಿನ ಒಂದು ಸುತ್ತಿನಂತೆ ಮುಗಿಯುತ್ತದೆ. ಆದರೆ ಆಗ ಊರನ್ನು ಬೆಳಗ್ಗೆಯೇ ನೋಡಬೇಕು. ರಿಗಿಗೆ ಅದು ನಡೆಯುತ್ತದೆ, ಏಕೆಂದರೆ ಸಂಜೆಯ ಬೆಳಕಿಗೂ ಈ ಬೆಟ್ಟ ಹೆಸರಾದದ್ದು. ಇಂಗ್ಲಿಷ್ ಚಿತ್ರಕಾರ ಟರ್ನರ್ ಲುಸರ್ನ್‌ನಿಂದ ಕಂಡ ಇದನ್ನು ಮುಂಜಾವಿನ ನೀಲಿಯಲ್ಲೂ ಸಂಜೆಯ ಕೆಂಪಿನಲ್ಲೂ ಬಿಡಿಸಿದ.

ಸ್ಟಾನ್ಸರ್‌ಹಾರ್ನ್ ಬಗ್ಗೆ ಯಾರೂ ಕೇಳುವುದಿಲ್ಲ, ಪಾಪ. 1,898 ಮೀಟರ್, ನಮ್ಮ ಕುದುರೆಮುಖದಷ್ಟೇ. ಚಾವಣಿ ಇಲ್ಲದ ಮೇಲಂತಸ್ತಿನ ಕೇಬಲ್ ಕಾರು ಇರುವುದು ಇಲ್ಲಿ. ಎರಡನೇ ಸಲ ಬಂದವರಿಗೆ ಸರಿ. ಯುಂಗ್‌ಫ್ರಾವ್‌ಯೋಖ್‌ಗೆ ಬೇರೆಯೇ ದಿನ ಇಡಿ. 3,454 ಮೀಟರ್ ಏರಿ ಇಳಿದು ಅದೇ ದಿನ ಲುಸರ್ನ್ ಅನ್ನುವವರು ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ.

ದುಡ್ಡು, ಮೋಡ, ಗೈಡ್

ರೈಲು, ಬಸ್ಸು, ದೋಣಿಗೆಲ್ಲ ನಡೆಯುವ ಪ್ರವಾಸಿಗರ ಟಿಕೆಟ್, ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಲೆಕ್ಕ ಬದಲಾಗುತ್ತದೆ. ರಿಗಿ, ಸ್ಟಾನ್ಸರ್‌ಹಾರ್ನ್ ಎರಡೂ ಪಾಸಿನಲ್ಲೇ ಬರುತ್ತವೆ. ಪಿಲಾಟಸ್, ಟಿಟ್ಲಿಸ್‌ಗೆ ಅರ್ಧ ದರ. ಸರೋವರದ ದೋಣಿಯೂ ಪಾಸಿನಲ್ಲೇ. ಪಾಸ್ ಕೈಯಲ್ಲಿಟ್ಟುಕೊಂಡು ಮತ್ತೆ ಪೂರ್ತಿ ಹಣ ಕೊಟ್ಟು ಬಸ್ ಟೂರ್ ಹೋಗುವುದು ಮನೆಯಲ್ಲಿ ಅನ್ನ ಮಾಡಿಟ್ಟು ಹೋಟೆಲಿಗೆ ಹೋದಂತೆ. ನಮ್ಮವರು ಬಹಳ ಜನ ಇದನ್ನೇ ಮಾಡುತ್ತಾರೆ.

ಹಾಗಂತ ಗೈಡ್ ಟೂರ್ ದಂಡ ಅನ್ನುವುದಿಲ್ಲ. ಎಂಟು ಹತ್ತು ಜನರ ಗುಂಪು, ಎಪ್ಪತ್ತು ದಾಟಿದವರು, ರೈಲು ಬದಲಿಸುವ ಗಾಬರಿ, ಇವೆಲ್ಲ ಇದ್ದರೆ ಬಸ್ಸೇ ಸುಖ. ಬುಕ್ ಮಾಡುವ ಮುಂಚೆ ಮೂರು ಮಾತು ಕೇಳಿ: ಲುಸರ್ನ್‌ನಲ್ಲಿ ನಮ್ಮ ಪಾಡಿಗೆ ಎಷ್ಟು ನಿಮಿಷ ಬಿಡುತ್ತೀರಿ, ಮೊದಲು ಬೆಟ್ಟವೋ ಊರೋ, ಗಾಳಿಗೆ ಕೇಬಲ್ ಕಾರು ನಿಂತರೆ ದುಡ್ಡು ವಾಪಸ್ಸೋ ಬೇರೆ ಬೆಟ್ಟವೋ. ನವೆಂಬರ್‌ನಲ್ಲಿ ಬರುವವರು ಕೇಬಲ್ ಕಾರು ದುರಸ್ತಿಗೆ ನಿಂತಿದೆಯೇ ಎಂದೂ ಕೇಳಬೇಕು.

ಎರಡನೇ ಪ್ರಶ್ನೆ ಮೋಡದ್ದು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ತಲೆಗೆ ಮೋಡ ಕಟ್ಟುವುದು ಸಾಮಾನ್ಯ. ಊರು ಬೆಳಗ್ಗೆ, ಬೆಟ್ಟ ಮಧ್ಯಾಹ್ನ ಎನ್ನುವ ಟೂರಿನಲ್ಲಿ ದುಬಾರಿ ಟಿಕೆಟ್ ತೆತ್ತು ಬಿಳಿ ಗೋಡೆ ನೋಡಿ ಬಂದವರಿದ್ದಾರೆ. ಅಕ್ಟೋಬರ್ ಕಳೆದ ಮೇಲೆ ಕಥೆ ತಿರುವುಮುರುವು. ಸರೋವರದ ಮೇಲೆ ಮಂಜಿನ ಕಂಬಳಿ, ಊರು ಬೂದಿಬೂದಿ. ಮೇಲೆ ಹೋದರೆ ಸುಡು ಬಿಸಿಲು, ಕಾಲಕೆಳಗೆ ಮೋಡದ ಕಡಲು. ಆದ್ದರಿಂದ ಬೆಳಗ್ಗೆ ಏಳಕ್ಕೆ ಎದ್ದು ಬೆಟ್ಟದ ವೆಬ್‌ಕ್ಯಾಮ್ ನೋಡಿ. ಲುಸರ್ನ್‌ನವರು ಪಿಲಾಟಸ್ ನೋಡಿ ಹವೆ ಹೇಳುತ್ತಾರೆ: ತಲೆಗೆ ಮೋಡದ ಟೋಪಿ ಇದ್ದರೆ ದಿನ ಚೆನ್ನ, ಸೊಂಟಕ್ಕೆ ಕತ್ತಿಯಂತೆ ಅಡ್ಡ ಗೆರೆ ಬಿದ್ದರೆ ಮಳೆ.

ಹೊಟ್ಟೆಯ ವಿಷಯ. ಬೆಟ್ಟದ ಮೇಲೆ ಆಲ್ಪ್ಲರ್‌ಮಗ್ರೋನೆನ್ ಎಂಬ ತಿಂಡಿ ಸಿಗುತ್ತದೆ. ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಹುರಿದ ಈರುಳ್ಳಿ, ಪಕ್ಕಕ್ಕೆ ಸೇಬಿನ ಗೊಜ್ಜು. ಅದರಲ್ಲಿ ಹಂದಿಮಾಂಸದ ಚೂರು ಹಾಕುವುದುಂಟು, ಕೇಳಿ ತೆಗೆದುಕೊಳ್ಳಿ. ನೀರು ಕೊಳ್ಳಬೇಡಿ, ಲುಸರ್ನ್‌ನ ಬೀದಿಕಾರಂಜಿಗಳ ನೀರು ಕುಡಿಯಬಹುದು. ಶೌಚಾಲಯಕ್ಕೆ ಒಂದೆರಡು ಫ್ರಾಂಕ್ ನಾಣ್ಯ ಜೇಬಿನಲ್ಲಿರಲಿ. ಅಮ್ಮ ಈಗ ಬೆಂಗಳೂರಿನಿಂದಲೇ ಹಳೆಯ ಚಿಲ್ಲರೆ ಎಣಿಸಿ ತರುತ್ತಾರೆ.

ಇದನ್ನೆಲ್ಲ ಹೋದ ವಾರ ಚಿಕ್ಕಮ್ಮನಿಗೆ ಫೋನಿನಲ್ಲಿ ಮುಕ್ಕಾಲು ಗಂಟೆ ವಿವರಿಸಿದೆ. ಮಂಡಿ, ಪಾಸ್, ದೋಣಿ, ಇಳಿಜಾರು, ಎಲ್ಲ. ಸಮಾಧಾನವಾಗಿ ಕೇಳಿಸಿಕೊಂಡರು.

"ಸರಿನಪ್ಪ, ಹಾಗಾದ್ರೆ ರಿಗಿನೇ ಇರ್ಲಿ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಆ ಶಾರುಖ್ ಖಾನ್ ಅಲ್ಲಿಲ್ಲ ಅಲ್ವಾ?"